ಮೆರೂನ್ ಬಳಿದ ವರ್ಷ

ಕಟ್ಟೆಮಳಲವಾಡಿ
3 ಜುಲೈ 2024

ಕಾಂತರಾಜು ಮಾವನಿಗೆ ಸೌಂದರ್ಯಳ ನಮಸ್ಕಾರ.

ಯಾವ ಸೌಂದರ್ಯ ಅಂತ ತಲೆ ಕೆರೆದುಕೊಳ್ಳುತ್ತಿದ್ದರೆ, ನಾನು ನಿಂಗಯ್ಯನ ಮಗಳು. ನಿಮ್ಮ ಗ್ಯಾರೇಜು ಹುಣಸೂರಿನಲ್ಲಿದ್ದಾಗ ಅಪ್ಪನ ಕೆಂಪು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಬರುತ್ತಿದ್ದವಳು. ನಿಮ್ಮ ಸ್ಪ್ಯಾನರುಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿಟ್ಟು ಬೈಸಿಕೊಳ್ಳುತ್ತಿದ್ದೆನಲ್ಲ, ಅವಳೇ. ಈಗ ಊರಿನ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವ ಕೆಲಸ ಮಾಡುತ್ತಿದ್ದೇನೆ. ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮಗಳು ಅನುಶ್ರೀ ಅಕ್ಕ ತೆಗೆದುಕೊಂಡು, "ಅಪ್ಪನ ಕಿವಿ ಪೂರ್ತಿ ಹೋಗ್ಬಿಟ್ಟದೆ ಕಣೆ. ಕಾಗದ ಬರಿ, ಕಾಗದ ಬಂದ್ರೆ ಅವರಿಗೆ ಹಬ್ಬ" ಅಂದರು.

ವಿಷಯ ಇಷ್ಟೆ. ಕೆ.ಆರ್. ನಗರದವರೊಬ್ಬರು ಹಳೇ ಟ್ರ್ಯಾಕ್ಟರುಗಳನ್ನು ಕೊಂಡು ರಿಪೇರಿ ಮಾಡಿ ಜೋಪಾನವಾಗಿ ಇಡುತ್ತಾರಂತೆ. ನಮ್ಮದು ನೋಡಲು ಬಂದಿದ್ದರು. ಎಲ್ಲ ಸಾಮಾನೂ ಕಂಪನಿಯದೇ ಆಗಿದ್ದರೆ ಮಾತ್ರ ಬೇಕು, ಯಾವ ವರ್ಷದ್ದು ಅಂತಲೂ ಗೊತ್ತಾಗಬೇಕು ಅಂದರು. ಅಪ್ಪ, "ಗುಜ್ರಿಗೆ ಆಕ್ಬೇಕು ಅಂತಿದ್ದೆ, ತಕ್ಕೊಂಡೋಗಿ" ಅಂತ ಒಳಗೆ ಹೋಗಿಬಿಟ್ಟ. ಆರು ವರ್ಷದ ಹಿಂದೆ ನಮ್ಮ ಶಶಿಯಣ್ಣ ಆ ಗಾಡಿಯ ಜೊತೆ ನಾಲೆಗೆ ಬಿದ್ದು ತೀರಿಕೊಂಡ ಮೇಲೆ ಅಪ್ಪ ಅದನ್ನಿಟ್ಟ ಶೆಡ್ಡಿನ ಬಾಗಿಲು ತೆಗೆದಿಲ್ಲ. ಮಣ್ಣಿಗೆ ನೀವೂ ಬಂದಿದ್ದಿರಿ, ಹೆಚ್ಚು ಬರೆಯುವುದು ಬೇಡ.

ಗಾಡಿಯ ವಯಸ್ಸು ಹೇಗೆ ಕಂಡುಹಿಡಿಯುವುದು, ಯಾವುದು ಗಾಡಿಯ ಜೊತೆಗೇ ಬಂದದ್ದು, ಯಾವುದು ಆಮೇಲೆ ಸೇರಿದ್ದು ಅಂತ ನನಗೆ ಹೇಳಿಕೊಡಿ. ಮುಂದಿನ ಚಕ್ರದ ಕಡೆಯದ್ದು ಸ್ವಲ್ಪ ಹೆಚ್ಚು ವಿವರವಾಗಿ ಬರೆಯಿರಿ.

ನಿಮ್ಮ
ಸೌಂದರ್ಯ


ಎನ್. ಬೇಗೂರು
14 ಜುಲೈ 2024

ಮಗಳೇ ಸೌಂದರ್ಯ,

ಕಾಗದ ಬಂತು, ಎರಡು ಸಲ ಓದಿಕೊಂಡೆ. ಈ ಮನೆಯಲ್ಲಿ ಎಲ್ಲರದೂ ನನ್ನ ಜೊತೆ ಕೈಸನ್ನೆಯಲ್ಲೇ ವ್ಯವಹಾರ. ಊಟಕ್ಕೊಂದು ಸನ್ನೆ, ಸ್ನಾನಕ್ಕೊಂದು, ಸಾಕು ಸುಮ್ಮನಿರು ಅನ್ನುವುದಕ್ಕೆ ಮೂರು. ನಲವತ್ತು ವರ್ಷ ಸೈಲೆನ್ಸರ್ ಕಿತ್ತ ಇಂಜಿನ್ನಿಗೆ ಕಿವಿ ಕೊಟ್ಟವನಿಗೆ ಇನ್ನೇನು ಸಿಗುತ್ತದೆ ಹೇಳು. ಈಗ ಕಾಡಿಂದ ಆನೆ ಬಂದು ಘೀಳಿಟ್ಟರೂ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.

ಮೊದಲನೇ ಪಾಠ. ಇಂಜಿನ್ ಪಕ್ಕದ ತಗಡಿನ ಪ್ಲೇಟನ್ನು ನಂಬಬೇಡ. ಎರಡು ರಿವಿಟ್ ಕಿತ್ತರೆ ಯಾರು ಬೇಕಾದರೂ ಅದನ್ನು ಇನ್ನೊಂದು ಗಾಡಿಗೆ ಹೊಡೆಯಬಹುದು. ಕಬ್ಬಿಣದ ಮೈಮೇಲೆ ಅಚ್ಚಿನಲ್ಲೇ ಉಬ್ಬಿಕೊಂಡಿರುವ ಅಕ್ಷರ ಹುಡುಕು. ನಿಮ್ಮದು ವಿಲಾಯ್ತಿಯಿಂದ ಬಂದ ಗಾಡಿ. ಅದರಲ್ಲಿ ಗೇರ್‌ಬಾಕ್ಸಿಗೆ, ಹಿಂದಿನ ಹೌಸಿಂಗಿಗೆ, ಮುಂದಿನ ಆಕ್ಸಲ್ಲಿಗೆ, ಚಕ್ರ ತಿರುಗಿಸುವ ಸ್ಟೇರಿಂಗ್ ಆರ್ಮಿಗೆ, ಎಲ್ಲಕ್ಕೂ ಗುರುತು ಇರುತ್ತದೆ. ಅಕ್ಷರ ತಿಂಗಳಿಗೆ, ಅಂಕಿ ವರ್ಷಕ್ಕೆ. ಎಲ್ಲ ಒಂದೆರಡು ತಿಂಗಳ ಆಚೀಚೆ ಇದ್ದರೆ ಒಟ್ಟಿಗೆ ಹುಟ್ಟಿದವು ಅಂತ ಲೆಕ್ಕ. ಒಂದೇ ಒಂದು ಮಾತ್ರ ಹತ್ತು ವರ್ಷ ಈಚಿನದಾದರೆ ಅದು ಮನೆಮಗಳಲ್ಲ, ಆಮೇಲೆ ಬಂದ ಸೊಸೆ.

ಎರಡನೇ ಪಾಠ ನಿಮ್ಮಪ್ಪನ ಗಾಡಿಗೆ ಮಾತ್ರ. ಬೇರೆಯವರು ಆಯುಧಪೂಜೆಗೆ ಗಾಡಿ ತೊಳೆದು ಕುಂಬಳಕಾಯಿ ಒಡೆಯುತ್ತಾರೆ. ನಿಂಗಯ್ಯ ಪ್ರತಿ ವರ್ಷ ಮೈತುಂಬ ಹೊಸ ಬಣ್ಣ ಹೊಡೆಸುತ್ತಿದ್ದ. "ಗಾಡಿಗೆ ಗ್ರೀಸ್ ಕುಡ್ಸಯ್ಯಾ, ಸೀರೆ ಉಡ್ಸಬ್ಯಾಡ" ಅಂತ ನಾನು ಬೈಯುತ್ತಲೇ ಇದ್ದೆ. ಬೈದರೆ ಇನ್ನೊಂದು ಡಬ್ಬ ಹೆಚ್ಚಿಗೆ ತರುತ್ತಿದ್ದ. ಆ ಬಣ್ಣವೇ ಈಗ ನಿನಗೆ ಅನುಕೂಲ. ಬ್ಲೇಡನ್ನು ಓರೆ ಹಿಡಿದು ಮೆಲ್ಲಗೆ ಕೆರೆದರೆ ಈರುಳ್ಳಿಯ ಹಾಗೆ ಒಂದೊಂದೇ ವರ್ಷ ಕಾಣುತ್ತದೆ. ಯಾವ ಸಾಮಾನಿಗೆ ಪದರ ಕಡಿಮೆಯೋ ಅದು ತಡವಾಗಿ ಬಂದದ್ದು. ಸೀಮೆಎಣ್ಣೆ, ಥಿನ್ನರ್ ಮಾತ್ರ ಮುಟ್ಟಿಸಬೇಡ ಕಣವ್ವ. ತೊಳೆದುಬಿಟ್ಟರೆ ಆ ಸಾಮಾನು ಮತ್ತೆ ಬಾಯಿ ಬಿಡುವುದಿಲ್ಲ.

ನಿಂಗಯ್ಯನನ್ನು ಕೇಳಿದೆ ಅಂತ ಹೇಳು. ಒಂದು ಕಾಗದ ಹಾಕಲಿಲ್ಲ ಕಳ್ಳ.

ಕಾಂತರಾಜು


ಕಟ್ಟೆಮಳಲವಾಡಿ
28 ಜುಲೈ 2024

ಮಾವ,

ನೀವು ಹೇಳಿದ ಹಾಗೇ ಮಾಡಿದೆ. ಗೇರ್‌ಬಾಕ್ಸು, ಹೌಸಿಂಗು, ಆಕ್ಸಲ್ಲು ಮೂರರಲ್ಲೂ ಅಂಕಿ 64, ಅಕ್ಷರ ಮಾತ್ರ ಒಂದೆರಡು ತಿಂಗಳ ವ್ಯತ್ಯಾಸ. ಒಂದು ಬೋಲ್ಟೂ ಹೊರಗಿನದಲ್ಲ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದದ್ದು ಬರೀ ಜಂಬ ಅಲ್ಲ.

ಬಣ್ಣ ಕೆರೆದಾಗ ನಗು ಬಂತು, ಅಳುವೂ ಬಂತು. ಮೇಲೆ ಕೆಂಪು. ಅದರ ಕೆಳಗೆ ಒಂದೇ ಒಂದು ಪದರ ಮೆರೂನ್. ಅದರಡಿ ಮತ್ತೆ ಕೆಂಪು, ಕೆಂಪು, ಕೆಂಪು. ಮೆರೂನ್ 2016ರದ್ದು. ಆ ಸಲ ಅಂಗಡಿಯಲ್ಲಿ ಕೆಂಪು ಮುಗಿದಿತ್ತು ಅಂತ ಶಶಿಯಣ್ಣ ಅದನ್ನು ತಂದ. "ಇದೂ ಕೆಂಪಿನ ತಮ್ಮನೇ ಬುಡಪ್ಪ" ಅಂದ. ಅಪ್ಪ ಹಬ್ಬ ಮುಗಿಯುವವರೆಗೂ ಗೊಣಗಿದ. ನಮ್ಮಲ್ಲಿ ಕೆಲಸ ಹಂಚಿಕೆ ಆಗಿರುತ್ತಿತ್ತು. ಬಾನೆಟ್ ಅಪ್ಪನದು, ಚಕ್ರದ ರಿಮ್ಮು ಶಶಿಯಣ್ಣನದು. ಮುಂದಿನ ಆಕ್ಸಲ್ಲಿನ ಅಡಿಭಾಗ, ಅಲ್ಲಿನ ಸ್ಟೇರಿಂಗ್ ಆರ್ಮುಗಳ ಸಮೇತ, ಯಾವಾಗಲೂ ನನ್ನದು, ಕೆಳಗೆ ನುಸುಳುವಷ್ಟು ಸಣ್ಣವಳು ನಾನೊಬ್ಬಳೇ ಇದ್ದದ್ದು. ಗೋಣಿಚೀಲ ಹಾಸಿಕೊಂಡು ಮಲಗಿ ಬಳಿಯುತ್ತಿದ್ದೆ. ತಲೆಕೂದಲಿಗೆಲ್ಲ ಬಣ್ಣ.

ಮಾವ, ಕೆ.ಆರ್. ನಗರದವರು ಬಂದದ್ದು ನಿಜ. ಆದರೆ ನಾನು ನಿಮಗೆ ಬರೆದದ್ದು ಅವರಿಗೋಸ್ಕರ ಅಲ್ಲ. ಮೊದಲ ಕಾಗದದಲ್ಲೇ ಹೇಳಲು ಧೈರ್ಯ ಬರಲಿಲ್ಲ.

ಅವತ್ತು ಶಶಿಯಣ್ಣ ಹನಗೋಡಿನಿಂದ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ತುಂಬಿಕೊಂಡು ಬರುತ್ತಿದ್ದ. ನಾಲೆಯ ತಿರುವಿನಲ್ಲಿ ಗಾಡಿ ತಿರುಗಲೇ ಇಲ್ಲ, ನೇರ ನೀರಿಗೆ ಹೋಯಿತು. ನೋಡಿದವರು ಯಾರೂ ಇಲ್ಲ. ಗಾಡಿ ಎತ್ತಿದಾಗ ಬಲಗಡೆಯ ಸ್ಟೇರಿಂಗ್ ಆರ್ಮ್ ಎರಡು ತುಂಡಾಗಿತ್ತು. ಬಿದ್ದ ಏಟಿಗೆ ಮುರಿದಿದೆ ಅಂದರು ಎಲ್ಲರೂ. ಅಪ್ಪ ಮಾತ್ರ, "ಫೋನ್ ಕಿವೀಗಿಟ್ಕಂಡು ಓಡ್ಸವ್ನೆ. ನನ್ ಗಾಡೀನೂ ತಿಂದ, ಅವ್ನೂ ಓದ" ಅಂದ. ಅಂದವನು ಆಮೇಲೆ ಅವನ ಹೆಸರೇ ಎತ್ತಿಲ್ಲ. ಮಹಾಲಯ ಅಮಾವಾಸ್ಯೆಗೆ ಅಜ್ಜನಿಗೆ, ಅಜ್ಜಿಗೆ ಎಡೆ ಇಡುತ್ತಾನೆ, ಶಶಿಯಣ್ಣನಿಗೆ ಇಡುವುದಿಲ್ಲ. ಅವ್ವ ಕದ್ದು ಹಿತ್ತಲಲ್ಲಿ ಒಂದು ಎಲೆಗೆ ಬಡಿಸಿ ಕಾಗೆ ಕರೆಯುತ್ತಾಳೆ. ಹೆತ್ತ ಮಗನಿಗೆ ಕಳ್ಳತನದಲ್ಲಿ ಅನ್ನ ಹಾಕಬೇಕಾಗಿದೆ ಅವಳು. ನನಗೆ ನೋಡಲು ಆಗುವುದಿಲ್ಲ.

ಆ ಆರ್ಮ್ ಬೀಳುವುದಕ್ಕೆ ಮೊದಲೇ ಮುರಿದಿತ್ತು ಅಂತಾದರೆ ಅವನದು ತಪ್ಪಿಲ್ಲ ಅಲ್ಲವೇ? ಎರಡು ತುಂಡನ್ನೂ ಅವ್ವ ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದಳು. ಹೇಗಿವೆಯೋ ಹಾಗೇ ನಿಮ್ಮ ಕಡೆ ಬರುವ ಕೋಟೆ ಬಸ್ಸಿನ ಕಂಡಕ್ಟರ್ ಚೆಲುವಯ್ಯನವರ ಕೈಲಿ ಕಳಿಸುತ್ತಿದ್ದೇನೆ. ಒರಿಜಿನಲ್ಲೋ ಡೂಪ್ಲಿಕೇಟೋ, ಯಾವಾಗ ಮುರಿಯಿತು, ನೋಡಿ ಹೇಳಿ. ಅಮಾವಾಸ್ಯೆ ಅಕ್ಟೋಬರ್ ಎರಡಕ್ಕೆ. ಈ ಸಲ ಅವನಿಗೆ ಮನೆಯೊಳಗೆ ಎಲೆ ಹಾಕಬೇಕು.

ಸೌಂದರ್ಯ


ಕಟ್ಟೆಮಳಲವಾಡಿ
19 ಆಗಸ್ಟ್ 2024

ಮಾವ,

ಸಾಮಾನು ಕೈಗೆ ಕೊಟ್ಟೆ ಅಂತ ಚೆಲುವಯ್ಯನವರು ಹೇಳಿದರು. ನಿಮ್ಮ ಉತ್ತರ ಮಾತ್ರ ಇಲ್ಲ. ಅನುಶ್ರೀ ಅಕ್ಕನಿಗೆ ಫೋನ್ ಮಾಡಿದರೆ, "ಅದನ್ನ ತೊಡೆ ಮೇಲಿಟ್ಕಂಡು ಕೂತಿರ್ತಾರೆ, ಏನು ಅಂದ್ರೆ ಹೇಳಲ್ಲ" ಅಂದರು. ನಾನೇನಾದರೂ ಬರೆಯಬಾರದ್ದು ಬರೆದೆನೇ?

ಸೌಂದರ್ಯ


ಎನ್. ಬೇಗೂರು
27 ಆಗಸ್ಟ್ 2024

ಚಿ. ಸೌಂದರ್ಯಳಿಗೆ,

ಮೈ ಸರಿ ಇರಲಿಲ್ಲ, ತಡವಾಯಿತು. ಸಾಮಾನು ನೋಡಿದೆ. ಅದು ಒರಿಜಿನಲ್ ಅಲ್ಲ, ಡೂಪ್ಲಿಕೇಟ್. ಯಾವ ಕಾಲದಲ್ಲೋ ಯಾರೋ ಹಾಕಿದ್ದು. ಕಬ್ಬಿಣವೇ ಕಳಪೆಯಾಗಿತ್ತು, ತಿರುವಿನಲ್ಲಿ ತಾನಾಗಿ ಮುರಿದಿದೆ. ಶಶಿ ಸ್ಟೇರಿಂಗ್ ತಿರುಗಿಸಿದ್ದಾನೆ, ಚಕ್ರ ತಿರುಗಿಲ್ಲ. ಹುಡುಗನ ತಪ್ಪು ಏನೇನೂ ಇಲ್ಲ, ಬೇರೆ ಯಾರ ತಪ್ಪೂ ಇಲ್ಲ. ನಿಂಗಯ್ಯನಿಗೆ ಇಷ್ಟು ಹೇಳಿ ಎಡೆ ಇಡಿಸು. ಇದನ್ನು ಇನ್ನು ಕೆದಕುವುದು ಬೇಡ.

ಅಂಕಿ ಕಾಣುತ್ತಿರಲಿಲ್ಲವೆಂದು ಥಿನ್ನರಿನಲ್ಲಿ ತೊಳೆದು ಎಮರಿ ಪೇಪರಿನಲ್ಲಿ ಉಜ್ಜಿದ್ದೇನೆ. ಚೆಲುವಯ್ಯನ ಕೈಲೇ ವಾಪಸ್ ಕಳಿಸಿದ್ದೇನೆ.

ಕಾಂತರಾಜು


ಕಟ್ಟೆಮಳಲವಾಡಿ
7 ಸೆಪ್ಟೆಂಬರ್ 2024

ಮಾವ,

ನಿಮ್ಮ ಕಾಗದ ಓದಿ ಅವ್ವನನ್ನು ತಬ್ಬಿಕೊಂಡು ಅತ್ತೆ. ಆಗಲೇ ಅಪ್ಪನಿಗೆ ಹೇಳಬೇಕು ಅಂತ ಹೊರಟವಳು, ಯಾಕೋ ಒಂದು ಸಲ ಶೆಡ್ಡಿಗೆ ಹೋದೆ. ಎಡಗಡೆಯ ಆರ್ಮ್ ಇನ್ನೂ ಗಾಡಿಯಲ್ಲೇ ಇದೆ. ಅದರ ಗುರುತು, ನೀವು ಉಜ್ಜಿ ಕಳಿಸಿದ್ದರ ಗುರುತು ಎರಡೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಅಕ್ಷರ, ಅದೇ 64. ಅವಳಿ ಮಕ್ಕಳು ಮಾವ ಅವು. ಡೂಪ್ಲಿಕೇಟ್ ಅಂತ ಯಾಕೆ ಬರೆದಿರಿ? ಥಿನ್ನರ್ ಮುಟ್ಟಿಸಬೇಡ ಅಂತ ನನಗೆ ಹೇಳಿದವರು ನೀವು. ನೀವೇ ಯಾಕೆ ತೊಳೆದಿರಿ? ಅಷ್ಟು ಉಜ್ಜಿ ತೆಗೆಯುವಂಥದ್ದು ಅದರಲ್ಲಿ ಏನಿತ್ತು?

8 ಸೆಪ್ಟೆಂಬರ್

ಮೇಲಿನದನ್ನು ಸಿಟ್ಟಿನಲ್ಲಿ ಬರೆದು ಅರ್ಧಕ್ಕೇ ಎದ್ದಿದ್ದೆ. ಈಗ ಗೊತ್ತಾಯಿತು.

ಕಳಿಸುವ ದಿನ ಆ ಮುರಿದ ಬಾಯಿಯನ್ನು ನಾನು ನೋಡಿದ್ದೆ. ಅರ್ಧ ಬೂದು, ಅರ್ಧ ಹಳೇ ತುಕ್ಕು. ತುಕ್ಕಿನ ಭಾಗದಲ್ಲಿ ದಾರದಷ್ಟು ದಪ್ಪಕ್ಕೆ ಕಡುಗೆಂಪು ಒಳಗಿನವರೆಗೂ ಇಳಿದಿತ್ತು. ಶಶಿಯಣ್ಣನ ರಕ್ತ ಅಂದುಕೊಂಡು ಹೆದರಿ ಮುಟ್ಟಲಿಲ್ಲ. ರಕ್ತ ಆರು ವರ್ಷ ಕೆಂಪಗಿರುತ್ತದೆಯೇ ಮಾವ? ಅದು ಮೆರೂನ್. ಕಬ್ಬಿಣ ಬಿರಿದಿದ್ದರೆ ತಾನೇ ಬಣ್ಣ ಒಳಗೆ ಹೋಗುವುದು?

ಆ ದಿನವೂ ನೆನಪಾಯಿತು. ಕೆಳಗೆ ಮಲಗಿ ಬಳಿಯುತ್ತಿದ್ದೆ. ಬಲಗಡೆಯ ಆರ್ಮಿನಲ್ಲಿ ಒಂದು ಕಡೆ ಮಾತ್ರ ಎಷ್ಟು ಬಳಿದರೂ ಕೂದಲೆಳೆಯಷ್ಟು ಗೆರೆ ಮತ್ತೆ ಮತ್ತೆ ಕಾಣುತ್ತಿತ್ತು. ಬ್ರಷ್ ಒತ್ತಿ ಒತ್ತಿ ಅದು ಕಾಣದ ಹಾಗೆ ತುಂಬಿಸಿದೆ. ಅಪ್ಪ ಬಗ್ಗಿ ನೋಡಿ, "ಎಷ್ಟ್ ಚೆಂದ ಬಳ್ದವ್ಳೆ ನನ್ ಮಗ" ಅಂದ.

ನನ್ನ ಕೈಯಾರೆ ಮುಚ್ಚಿದೆನಲ್ಲ ಮಾವ.

ಸೌಂದರ್ಯ


ಎನ್. ಬೇಗೂರು
15 ಸೆಪ್ಟೆಂಬರ್ 2024

ಮಗಳೇ,

ನೀನು ಇಷ್ಟು ಚುರುಕು ಅಂತ ಗೊತ್ತಿದ್ದರೆ ಮೊದಲನೇ ಪಾಠವನ್ನೇ ಹೇಳಿಕೊಡುತ್ತಿರಲಿಲ್ಲ.

ಹೌದು, ಬಿರುಕಿನೊಳಗೆ ಮೆರೂನ್ ಇತ್ತು. ಮೊದಲು ಖುಷಿಯಾಯಿತು ನನಗೆ. ಬಿರುಕು ಹಳೆಯದು, ಹುಡುಗ ಪಾರಾದ ಅಂತ. ಆಮೇಲೆ ನಿನ್ನ ಕಾಗದ ತೆಗೆದು ಇನ್ನೊಂದು ಸಲ ಓದಿದೆ. ಗೋಣಿಚೀಲ, ತಲೆಕೂದಲಿಗೆ ಬಣ್ಣ. ಆ ಬಿರುಕಿಗೆ ಬಣ್ಣ ತುಂಬಿದವಳು ನೀನೇ ಅಂತ ಆಗ ಹೊಳೆಯಿತು. ಎಷ್ಟೋ ದಿನ ಯೋಚಿಸಿ ಕೊನೆಗೆ ತೊಳೆದುಬಿಟ್ಟೆ. ನನ್ನ ಜೀವಮಾನದಲ್ಲಿ ಒಂದು ಸಾಮಾನಿನ ಮೇಲೆ ಸುಳ್ಳು ಹೇಳಿದ್ದು ಇದೇ ಮೊದಲು. ಹೇಳಲೂ ಬರಲಿಲ್ಲ ನೋಡು, ಅಕ್ಷರ ಅಳಿಸುವುದನ್ನೇ ಮರೆತೆ.

ಈಗ ಕೇಳು. ಬಣ್ಣ ಕಬ್ಬಿಣವನ್ನು ಮುರಿಯುವುದಿಲ್ಲ ಕಣವ್ವ. ನೀನು ಬಳಿಯದಿದ್ದರೂ ಅದು ಬಿರಿದೇ ಇತ್ತು. ಹದಿನಾರು ವರ್ಷದ ಹುಡುಗಿಗೆ ಗೆರೆ ಯಾವುದು, ಬಿರುಕು ಯಾವುದು ಅಂತ ಯಾರು ಹೇಳಿಕೊಟ್ಟಿದ್ದರು? ಇದನ್ನು ನೂರು ಸಲ ಓದಿಕೋ.

ನಿಂಗಯ್ಯನಿಗೆ ನಿಜ ಹೇಳಬೇಡ. ಡೂಪ್ಲಿಕೇಟ್ ಅಂತಲೇ ಹೇಳು. ನಂಬದಿದ್ದರೆ, ಕಾಂತ ನಿನಗೆ ಹೇಳದೆ ಹಾಕಿದ್ದನಂತೆ ಅನ್ನು. ನನ್ನ ಮೇಲೆ ಹೊರಿಸು. ನಾನು ಎಲ್ಲೋ ಕಾಡಂಚಿನಲ್ಲಿದ್ದೇನೆ, ಕಿವಿಯೂ ಇಲ್ಲ, ಅವನ ಮುನಿಸು ನನಗೆ ತಟ್ಟುವುದಿಲ್ಲ. ನೀನು ಅದೇ ಮನೆಯಲ್ಲಿ ಬಾಳಬೇಕು. ನಮ್ಮಿಬ್ಬರ ನಲವತ್ತು ವರ್ಷದ ಸ್ನೇಹ ಹೋದರೆ ಹೋಗಲಿ ಬಿಡು.

ಕಾಂತರಾಜು ಮಾವ


ಕಟ್ಟೆಮಳಲವಾಡಿ
5 ಅಕ್ಟೋಬರ್ 2024

ಮಾವ,

ಶಶಿಯಣ್ಣನಿಗೆ ಎಡೆ ಬಿತ್ತು. ಮೊದಲು ಅದನ್ನು ಬರೆಯುತ್ತೇನೆ.

ಹಬ್ಬದ ಹಿಂದಿನ ದಿನ ಅಪ್ಪ ಜಗಲಿಯಲ್ಲಿ ಕೂತಿದ್ದಾಗ ಆರ್ಮನ್ನು ತಂದು ಮುಂದಿಟ್ಟೆ. ನೀವು ಹೇಳಿಕೊಟ್ಟ ಹಾಗೇ ಹೇಳಿದೆ. ಇದು ಡೂಪ್ಲಿಕೇಟ್, ಅಣ್ಣನ ತಪ್ಪಿಲ್ಲ ಅಂತ. ಅಪ್ಪ, "ನನ್ ಗಾಡೀಗೆ ಡೂಪ್ಲಿಕೇಟ್ ಆಕಿಲ್ಲ" ಅಂದ. ನಿಮ್ಮ ಹೆಸರು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಆದರೂ ಹೇಳಿದೆ. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕಾಂತ ಅಂಥ ಕೆಲ್ಸ ಮಾಡೋ ಆಸಾಮಿ ಅಲ್ಲ ಕಣವ್ವ. ಅವ್ನ್ ಮ್ಯಾಲೆ ಯಾಕ್ ಸುಳ್ ಏಳೀಯೆ? ಆ ಮುಂಡೇದು ಫೋನ್ ಇಟ್ಕಂಡೇ ಓಡ್ಸಿದ್ದು, ಬುಡು" ಅಂತ ಎದ್ದ.

ಎದ್ದು ಹೋಗಿದ್ದರೆ ಮುಗಿದೇ ಹೋಗುತ್ತಿತ್ತು ಮಾವ. ಶಶಿಯಣ್ಣ ಇನ್ನೊಂದು ವರ್ಷ ಹಿತ್ತಲಲ್ಲಿ ನಿಲ್ಲಬೇಕಾಗಿತ್ತು. ನಾನು ಅಪ್ಪನ ಪಂಚೆ ಹಿಡಿದುಕೊಂಡೆ. ಮೆರೂನ್, ಬಿರುಕು, ಬ್ರಷ್ ಎಲ್ಲ ಹೇಳಿಬಿಟ್ಟೆ. ಕಬ್ಬಿಣದಲ್ಲಿ ಬಣ್ಣ ಉಳಿದಿರಲಿಲ್ಲ. ಅದಕ್ಕೆ ನೀವು ಕಳೆದ ತಿಂಗಳು ಬರೆದ ಕಾಗದ ಓದಿ ಹೇಳಿದೆ.

ಅಪ್ಪ ಆರ್ಮನ್ನು ಕೈಗೆ ತೆಗೆದುಕೊಂಡು ಮುರಿದ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದ. "ಅಂಗಾರೆ ಅವ್ನು ತಿರುಗ್ಸವ್ನೆ" ಅಂದ. ಇನ್ನೊಂದು ಸಲವೂ ಅದನ್ನೇ ಅಂದ. ಆಮೇಲೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹುಣಸೂರಿನ ಬಸ್ಸು ಹತ್ತಿ ಹೋಗಿ ಅವನಿಗೆ ಒಂದು ನೀಲಿ ಅಂಗಿ, ಒಂದು ಪಂಚೆ ತಂದ.

ಮಾರನೇ ದಿನ ಅವ್ವ ಕೋಳಿ ಸಾರು, ಮುದ್ದೆ, ಒತ್ತುಶ್ಯಾವಿಗೆ ಮಾಡಿದಳು. ಅಜ್ಜ ಅಜ್ಜಿಯ ಪಕ್ಕ ಅವನ ಎಲೆ. ಅಪ್ಪನೇ ಬಡಿಸಿದ, ಅಪ್ಪನೇ ಅಂಗಿ ಇಟ್ಟ. "ಬಾರ್ಲಾ ಮಗ ಶಶಿ, ಉಣ್ಬಾ. ಸುಮ್ನೆ ನಿನ್ನ ಬೈದ್ನಲ್ಲೋ" ಅಂತ ಮಗುವಿನ ಹಾಗೆ ಅತ್ತ. ಅವ್ವನೂ ಅತ್ತಳು. ಆರು ವರ್ಷದ ಅಳು ಅದು. ನಾನು ಧೂಪದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಪ್ಪ ನನ್ನ ಮುಖ ನೋಡದೆ ಬಟ್ಟಲನ್ನು ಕೈಯಿಂದ ತೆಗೆದುಕೊಂಡ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ನಾನು ಕೂತ ಕಡೆಯಿಂದ ಅಪ್ಪ ಎದ್ದು ಆ ತುದಿಗೆ ಹೋಗಿ ಕೂತ.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬೈದಿಲ್ಲ, ಹೊಡೆದಿಲ್ಲ. ನಾನು ಟೀ ಇಟ್ಟರೆ ಆರಿಹೋಗುತ್ತದೆ. ಶಶಿಯಣ್ಣನ ಫೋಟೊ ಗೋಡೆಗೆ ಬಂದಿದೆ, ಹಾರ ಹಾಕಿದ್ದಾರೆ. ಮಾತು ಮಾತಿಗೆ ನನ್ನ ಶಶಿ, ನನ್ನ ಶಶಿ ಅನ್ನುತ್ತಾನೆ. ನನ್ನನ್ನು ಕರೆಯಬೇಕಾದರೆ ಅವ್ವನಿಗೆ, "ಅವಳ್ಗೇಳು" ಅನ್ನುತ್ತಾನೆ. ಈ ಮನೆಯಲ್ಲಿ ಇಷ್ಟು ವರ್ಷ ಅವನ ಹೆಸರಿರಲಿಲ್ಲ, ಈಗ ನನ್ನದಿಲ್ಲ.

ಅವ್ವ ನನ್ನ ತಲೆ ಸವರಿ, "ಯಾಕಾರ ಏಳ್ದೆ ಕೂಸೆ" ಅಂದಳು. ನನಗೆ ಪಶ್ಚಾತ್ತಾಪ ಇಲ್ಲ ಮಾವ, ದುಃಖ ಇದೆ. ತುಂಬ ಇದೆ. ಆದರೆ ನಾನು ಬದುಕಿದ್ದೇನೆ, ಇವತ್ತಲ್ಲ ನಾಳೆ ಅಪ್ಪನ ಎದುರು ನಿಂತು ಮಾತಾಡಬಹುದು. ಶಶಿಯಣ್ಣನಿಗೆ ಅದೂ ಆಗುತ್ತಿರಲಿಲ್ಲ.

ಗಾಡಿ ಕೊಡುವುದಿಲ್ಲ ಅಂತ ಕೆ.ಆರ್. ನಗರದವರಿಗೆ ಅಪ್ಪ ಹೇಳಿ ಕಳಿಸಿದ್ದಾನೆ. ಶೆಡ್ಡಿನ ಬಾಗಿಲು ತೆಗೆದಿದ್ದಾನೆ. ಬರುವ ಶುಕ್ರವಾರ ಆಯುಧಪೂಜೆ. ನಿನ್ನೆ ಜಗಲಿಯ ಮೇಲೆ ಕೆಂಪು ಬಣ್ಣದ ಡಬ್ಬ ಇತ್ತು, ಒಂದು ಬ್ರಷ್ ಇತ್ತು. ಒಂದೇ.

ಸೌಂದರ್ಯ


ಎನ್. ಬೇಗೂರು
8 ಅಕ್ಟೋಬರ್ 2024

ಮಗಳೇ ಸೌಂದರ್ಯ,

ಕಾಗದ ಈಗ ತಾನೇ ಬಂತು. ಅಳುತ್ತಾ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಓದಿಕೋ.

ಕಾಂತ ಅಂಥ ಆಸಾಮಿ ಅಲ್ಲ ಅಂದನಂತೆ. ಆ ಮುಠ್ಠಾಳ ನನ್ನನ್ನು ಅಷ್ಟು ನಂಬಿದ್ದೇ ನಿನಗೆ ಮುಳುವಾಯಿತು.

ಅಂಚೆಗೆ ಹಾಕಿದರೆ ತಡವಾಗುತ್ತದೆ, ಇದನ್ನು ಚೆಲುವಯ್ಯನ ಕೈಲೇ ಕಳಿಸುತ್ತಿದ್ದೇನೆ. ಶುಕ್ರವಾರ ಮೊದಲನೇ ಬಸ್ಸಿಗೆ ನಾನು ಬರುತ್ತೇನೆ. ಬರುವವರೆಗೆ ಡಬ್ಬದ ಮುಚ್ಚಳ ತೆಗೆಯಬಾರದು ಅಂತ ದೊಡ್ಡತಾಯಮ್ಮನ ಕೈಲಿ ನಿಂಗಯ್ಯನಿಗೆ ಹೇಳಿಸು. ನಿಮ್ಮವ್ವನ ಮಾತನ್ನು ಅವನು ಗೊಣಗಿಕೊಂಡಾದರೂ ಕೇಳುತ್ತಾನೆ. ನೀನು ಒಂದು ಬಟ್ಟಲು ತೆಳು ಎಣ್ಣೆ, ಒಂದು ಹಳೇ ಪಂಚೆ, ಒಂದು ಪೊಟ್ಟಣ ವಿಭೂತಿ ಎತ್ತಿಡು. ಗಾಡಿಯ ಮುಂಭಾಗದ ಬಣ್ಣವನ್ನೆಲ್ಲ ಕೆರೆಯೋಣ. ಕಬ್ಬಿಣಕ್ಕೆ ಎಣ್ಣೆ ಬಳಿದು, ಚೆನ್ನಾಗಿ ಒರೆಸಿ, ಮೇಲೆ ವಿಭೂತಿ ಉದುರಿಸಬೇಕು. ಎಲ್ಲಾದರೂ ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆಯಾಗುತ್ತದೆ. ಇದನ್ನು ನಿನಗೆ ಆಗಲೇ ಯಾರಾದರೂ ಹೇಳಿಕೊಡಬೇಕಿತ್ತು. ಅವನೆದುರಿಗೇ ನಿನ್ನ ಕೈಯಲ್ಲೇ ಮಾಡಿಸುತ್ತೇನೆ. ಇನ್ನು ಮುಂದೆ ಆ ಗಾಡಿಗೆ ಆಯುಧಪೂಜೆ ಅಂದರೆ ಇದೇ.

ನಿಂಗಯ್ಯ ಕೂಗಾಡಬಹುದು. ಕೂಗಾಡಲಿ, ಅವನ ಪಕ್ಕದಲ್ಲಿ ಕೂರಲು ನನಗಿಂತ ಒಳ್ಳೆಯ ಕಿವಿಯವನು ಸಿಗುವುದಿಲ್ಲ. ಒಂದೇ ಕಷ್ಟ. ಅವನು ನಿನ್ನನ್ನು ಹೆಸರು ಹಿಡಿದು ಕರೆದರೆ ನನಗೆ ಗೊತ್ತಾಗುವುದಿಲ್ಲ. ಕರೆದಾಗ ನನ್ನ ತೋಳು ಮುಟ್ಟು. ಅಲ್ಲಿಯವರೆಗೂ ನಾನು ವಾಪಸ್ ಬಸ್ಸು ಹತ್ತುವುದಿಲ್ಲ.

ಕಾಂತರಾಜು ಮಾವ